ಗಣಕಯಂತ್ರದ ಇಮೇಲ್ ತಂತ್ರಾಂಶ: ಗಡಿಭಾಗದ ಬಳಕೆದಾರರಿಗೆ ಬೇಕಾದ್ದೇನು?



ಹೊಸೂರು, ಬಾಗಲೂರು, ಶೂಳಗಿರಿ, ಕೆಲಮಂಗಲ, ದೇನ್ಕನಿಕೋಟೆ, ತಳಿ, ಅಂಚೆಟ್ಟಿ, ಕೃಷ್ಣಗಿರಿ, ಹೀಗೆ ಯಾವ ಊರಿನವರಾದರೂ ಈಗ ಇಮೇಲ್ ನೋಡುವುದು ಹೆಚ್ಚಾಗಿ ಮೊಬೈಲಿನಲ್ಲೇ. ಬಂದ ಪತ್ರ ಓದಿ ಎರಡು ಸಾಲು ಉತ್ತರ ಬರೆಯಲು ಅಷ್ಟು ಸಾಕು. ಆದರೆ ಸಂಘದ ಕಾರ್ಯದರ್ಶಿಗಳು, ಕನ್ನಡ ಶಾಲೆಗಳ ಸಮಿತಿಯವರು, ಸಿಪ್‌ಕಾಟ್ ಪ್ರದೇಶದಲ್ಲಿ ಸಣ್ಣ ಕಾರ್ಖಾನೆ ನಡೆಸುವವರು, ಮಕ್ಕಳ ಪ್ರವೇಶಕ್ಕಾಗಿ ಬೆಂಗಳೂರಿನ ಕಚೇರಿಗಳೊಂದಿಗೆ ಪತ್ರವ್ಯವಹಾರ ಮಾಡುವ ಪಾಲಕರು, ಇವರಿಗೆಲ್ಲ ಅಷ್ಟು ಸಾಲದು. ಮೂರು ವರ್ಷ ಹಿಂದಿನ ಪತ್ರ ಬೇಕಾದ ದಿನ ಸಿಗಬೇಕು, ಸಿಕ್ಕಿದ್ದು ಓದಲು ಬರಬೇಕು. ಇಂಥವರಿಗಾಗಿ ಗಣಕದಲ್ಲಿ ಇಮೇಲ್ ತಂತ್ರಾಂಶ ಇಟ್ಟುಕೊಳ್ಳುವ ಬಗ್ಗೆ ಈ ಮಾಹಿತಿ ಲೇಖನ.

ಬ್ರೌಸರ್‌ನಲ್ಲಿ ಇಮೇಲ್ ತೆರೆದಾಗ ನಾವು ಕಂಪನಿಯ ಸರ್ವರ್‌ನಲ್ಲಿರುವ ಪತ್ರವನ್ನು ದೂರದಿಂದ ನೋಡುತ್ತೇವೆ. ಗಣಕದ ಇಮೇಲ್ ತಂತ್ರಾಂಶವಾದರೆ ಆ ಪತ್ರದ ಪ್ರತಿಯನ್ನು ನಮ್ಮ ಯಂತ್ರಕ್ಕೇ ತರಬಲ್ಲದು. ಥಂಡರ್‌ಬರ್ಡ್, ಔಟ್‌ಲುಕ್, ಆಪಲ್ ಮೇಲ್, ಲಿನಕ್ಸ್‌ನ ಎವಲ್ಯೂಷನ್ ಇವೆಲ್ಲ ಈ ಜಾತಿಗೆ ಸೇರಿದವು. ಇವುಗಳಿಂದ ನಮಗೆ ಮುಖ್ಯವಾಗಿ ಬೇಕಾದ್ದು ಎರಡೇ: ಕನ್ನಡ ಕನ್ನಡವಾಗಿಯೇ ಕಾಣಬೇಕು, ಪತ್ರ ನಮ್ಮ ಕೈಯಲ್ಲೇ ಉಳಿಯಬೇಕು.

ನಮಗೇಕೆ ಇದು ಮುಖ್ಯ?

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಆಗ ಅದು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಊರು ಕದಲಲಿಲ್ಲ, ಜಿಲ್ಲಾ ಕೇಂದ್ರ ಮಾತ್ರ ಎರಡು ಸಲ ಬದಲಾಯಿತು. ಒಂದೇ ಶಾಲೆಯ ಹಳೆಯ ಕಾಗದಕ್ಕೆ ಮೂರು ಊರಿನ ಕಚೇರಿ ಅಲೆಯಬೇಕಾದೀತು. ಕಚೇರಿಯಲ್ಲಿ ಕಡತ ಸಿಗದಿದ್ದರೆ ನಮ್ಮ ಬಳಿ ಇರುವ ಪ್ರತಿಯೇ ಗತಿ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ ಇರುತ್ತಾರೆ. ಕನ್ನಡ ಶಿಕ್ಷಕರ ಕೊರತೆಯಾಗಲಿ, ಪಠ್ಯಪುಸ್ತಕವಾಗಲಿ, ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಎದ್ದ ವಿನಾಯಿತಿಯ ಪ್ರಶ್ನೆಯಾಗಲಿ, ಪ್ರತಿಯೊಂದರಲ್ಲೂ ಕೇಳುವುದು ಒಂದೇ: ಯಾವ ದಿನ ಬರೆದಿರಿ, ಯಾರಿಗೆ ಬರೆದಿರಿ, ಏನು ಉತ್ತರ ಬಂತು? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಉತ್ತರಕ್ಕೆ 30 ದಿನದ ಗಡುವು. ಆ ಲೆಕ್ಕ ಶುರುವಾಗುವುದೂ ದಿನಾಂಕದಿಂದಲೇ.

1. ಕನ್ನಡ ಸರಿಯಾಗಿ ಕಾಣಬೇಕು

ಹಳೆಯ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಟೋಪಿ, ಚುಕ್ಕಿ, ಗೆರೆ ಕಾಣುವುದು ಹಲವರಿಗೆ ಗೊತ್ತಿರುವ ತೊಂದರೆ. ಪತ್ರ ಕೆಟ್ಟಿದೆ ಎಂದು ಅಳಿಸಬೇಡಿ. ಹಿಂದೆ ನುಡಿ, ಬರಹ ಮುಂತಾದವುಗಳಲ್ಲಿ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದಾಗ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಇಂಗ್ಲಿಷ್ ಅಕ್ಷರವೇ ಹೊರಬೀಳುತ್ತದೆ. ನುಡಿ, ಬರಹ ಎರಡರಲ್ಲೂ ಇಂಥ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಬದಲಿಸಿದ ಪ್ರತಿಯನ್ನೂ ಮೂಲವನ್ನೂ ಒಟ್ಟಿಗೆ ಇಟ್ಟುಕೊಳ್ಳಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ತನ್ನದೇ ಸ್ಥಾನವಿದೆ. ವಿಂಡೋಸ್‌ನಲ್ಲಿ ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್, ವಿಂಡೋಸ್ 8ರಿಂದ ನಿರ್ಮಲಾ ಫಾಂಟ್ ಬಂದಿವೆ. ಹೊಸ ಪತ್ರವನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ತಂತ್ರಾಂಶದಲ್ಲಿ ಅಕ್ಷರ ಸಂಕೇತ ಕೇಳಿದರೆ ಯುಟಿಎಫ್-8 ಆರಿಸಿ. ಒಂದೇ ಪತ್ರದಲ್ಲಿ ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ನಾಲ್ಕೂ ಬರುವ ನಮ್ಮ ಕಡೆಗೆ ಇದೊಂದೇ ದಾರಿ. ಕನ್ನಡ ಅಕ್ಷರ ತೀರಾ ಚಿಕ್ಕದಾಗಿ ಕಂಡರೆ ಥಂಡರ್‌ಬರ್ಡ್‌ನ ಫಾಂಟ್ ಆಯ್ಕೆಯಲ್ಲಿ ಕನ್ನಡ ಲಿಪಿಗೆ ಮಾತ್ರ ಬೇರೆ ಫಾಂಟ್, ಬೇರೆ ಗಾತ್ರ ಕೊಡಬಹುದು. ಹಿರಿಯ ಸದಸ್ಯರಿಗೆ ಇದು ದೊಡ್ಡ ಅನುಕೂಲ.

2. ಹುಡುಕಿದರೆ ಸಿಗಬೇಕು

ಇಂಗ್ಲಿಷ್ ಪದ ಹುಡುಕಿದಂತೆ ಕನ್ನಡ ಪದ ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ನಮ್ಮ ಪದಗಳಿಗೆ ಪ್ರತ್ಯಯ ಅಂಟಿಕೊಳ್ಳುವುದು ಇದಕ್ಕೆ ಕಾರಣ. ‘ಹೊಸೂರು’ ಎಂದು ಹುಡುಕಿದರೆ ‘ಹೊಸೂರಿನ’, ‘ಹೊಸೂರಿಗೆ’ ಇರುವ ಪತ್ರಗಳು ತಪ್ಪಿಹೋಗುತ್ತವೆ. ‘ಹೊಸೂರ’ ಎಂದಷ್ಟೇ ಕೊಟ್ಟರೆ, ಪದದ ಭಾಗವನ್ನೂ ಹುಡುಕಬಲ್ಲ ತಂತ್ರಾಂಶದಲ್ಲಿ ಮೂರೂ ಸಿಗುತ್ತವೆ. ಕೊನೆಯ ಸ್ವರ ಬಿಟ್ಟು ಹುಡುಕುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ತೊಡಕು ನಮ್ಮ ಕಡೆಯದೇ. ನಾವು ಹೊಸೂರು ಎನ್ನುವುದನ್ನು ತಮಿಳು ಕಾಗದದಲ್ಲಿ ಓಸೂರ್ ಎಂದು ಬರೆಯುತ್ತಾರೆ. ದೇನ್ಕನಿಕೋಟೆಯನ್ನು ಕನ್ನಡದಲ್ಲೇ ಎರಡು ಮೂರು ರೀತಿ ಬರೆಯುವವರಿದ್ದಾರೆ. ಆದ್ದರಿಂದ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಹುಡುಕಬೇಕು. ಇದಕ್ಕಿಂತ ಸುಲಭ ಉಪಾಯ: ಸಂಘದಿಂದ ಹೋಗುವ ಪ್ರತಿ ಪತ್ರದ ವಿಷಯದ ಸಾಲಿನಲ್ಲಿ ಒಂದು ಕ್ರಮಸಂಖ್ಯೆ ಮತ್ತು ವರ್ಷ ಹಾಕಿ. ಉತ್ತರಿಸುವವರು ವಿಷಯ ಬದಲಿಸದೆ ಕಳಿಸಿದರೆ ಆ ಸಂಖ್ಯೆ ಉತ್ತರದಲ್ಲೂ ಬರುತ್ತದೆ. ಅಂಕಿಯನ್ನು ಹುಡುಕಲು ಯಾವ ಭಾಷೆಯ ತೊಡಕೂ ಇಲ್ಲ.

3. ಪತ್ರ ನಮ್ಮ ಯಂತ್ರದಲ್ಲೂ ಇರಬೇಕು

ಖಾತೆಯನ್ನು ತಂತ್ರಾಂಶಕ್ಕೆ ಸೇರಿಸುವಾಗ ಪಾಪ್, ಐಮ್ಯಾಪ್ ಎಂಬ ಎರಡು ಪದ್ಧತಿಗಳ ಹೆಸರು ಕಾಣಬಹುದು. ಪಾಪ್ ಎಂದರೆ ಅಂಚೆಪೆಟ್ಟಿಗೆಯಿಂದ ಕಾಗದ ಮನೆಗೆ ತಂದಂತೆ. ‘ಸರ್ವರ್‌ನಲ್ಲೂ ಉಳಿಸು’ ಎಂದು ಗುರುತು ಹಾಕದಿದ್ದರೆ ಅಲ್ಲಿಯ ಪ್ರತಿ ಹೋಗುತ್ತದೆ. ಐಮ್ಯಾಪ್ ಎಂದರೆ ಸರ್ವರ್‌ನಲ್ಲಿರುವುದರ ಪ್ರತಿಬಿಂಬ. ಮೊಬೈಲ್, ಗಣಕ ಎರಡರಲ್ಲೂ ಒಂದೇ ರೀತಿ ಕಾಣುತ್ತದೆ. ಈಗಿನ ಬಳಕೆಗೆ ಐಮ್ಯಾಪ್ ಅನುಕೂಲ.

ಆದರೆ ಗಮನಿಸಿ: ಐಮ್ಯಾಪ್ ಬ್ಯಾಕಪ್ ಅಲ್ಲ. ಯಾರಾದರೂ ಮೊಬೈಲಿನಲ್ಲಿ ಒಂದು ಫೋಲ್ಡರ್ ಅಳಿಸಿದರೆ ಗಣಕದ ಪ್ರತಿಬಿಂಬದಲ್ಲೂ ಅದು ಅಳಿಯುತ್ತದೆ. ಉಳಿಯಲೇಬೇಕಾದ ಪತ್ರಗಳನ್ನು ತಂತ್ರಾಂಶದ ಸ್ಥಳೀಯ ಫೋಲ್ಡರ್‌ಗೆ ನಕಲು ಮಾಡಬೇಕು. ಅದು ಸರ್ವರ್‌ನೊಂದಿಗೆ ಸೇರಿಕೊಳ್ಳುವುದಿಲ್ಲ. ಹಾಗೆ ಇಟ್ಟ ಪತ್ರವನ್ನು ನೆಟ್ ಇಲ್ಲದಾಗಲೂ ಓದಬಹುದು. ತಳಿ, ಅಂಚೆಟ್ಟಿಯ ಕಾಡಂಚಿನ ಊರುಗಳವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಗೂಗಲ್‌ನ ಉಚಿತ ಖಾತೆಯಲ್ಲಿ ಇಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ ಸಿಗುವುದು 15 ಜಿಬಿ ಜಾಗ. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಯನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಪದಾಧಿಕಾರಿಗಳು ಬದಲಾದ ಮೇಲೆ ಯಾರೂ ತೆರೆಯದ ಹಳೆಯ ಸಂಘದ ಖಾತೆಗೆ ಈ ಅಪಾಯ ಹೆಚ್ಚು.

4. ಬೇರೆ ತಂತ್ರಾಂಶಕ್ಕೆ ಒಯ್ಯಲು ಬರಬೇಕು

ಇಂದಿನ ತಂತ್ರಾಂಶ ನಾಳೆ ಇರುತ್ತದೆಂಬ ಭರವಸೆ ಇಲ್ಲ. ಎಕ್ಸ್‌ಪಿ ಕಾಲದಲ್ಲಿ ಮನೆಮಾತಾಗಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಆ ವಿಂಡೋಸ್‌ನೊಂದಿಗೇ ಹೋಯಿತು. ಆಮೇಲೆ ಬಂದ ವಿಂಡೋಸ್ ಮೇಲ್ ಆ್ಯಪ್‌ಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. ಆದ್ದರಿಂದ ಪತ್ರ ಯಾವ ರೂಪದಲ್ಲಿ ಉಳಿಯುತ್ತದೆ ಎಂದು ಮೊದಲೇ ನೋಡಬೇಕು. ಎಂಬಾಕ್ಸ್, ಇಎಂಎಲ್ ರೂಪದ ಕಡತಗಳನ್ನು ಹಲವು ತಂತ್ರಾಂಶಗಳು ತೆರೆಯುತ್ತವೆ. ಔಟ್‌ಲುಕ್‌ನ ಪಿಎಸ್‌ಟಿ ಕಡತವನ್ನು ಬೇರೆಡೆ ತೆರೆಯುವುದು ಅಷ್ಟು ಸುಲಭವಲ್ಲ.

ಮುಖ್ಯ ಪತ್ರವನ್ನು ಮುದ್ರಿಸಿ ಮೂಲವನ್ನು ಅಳಿಸಬೇಡಿ. ಪತ್ರ ಯಾವ ಸರ್ವರ್‌ನಿಂದ ಯಾವ ಗಳಿಗೆಯಲ್ಲಿ ಹೊರಟಿತು ಎಂಬ ವಿವರ ಅದರ ತಲೆಬರಹದಲ್ಲಿ ಅಡಗಿರುತ್ತದೆ. ಮುದ್ರಿತ ಹಾಳೆಯಲ್ಲಿ ಅದು ಪೂರ್ತಿ ಬರುವುದಿಲ್ಲ, ಇಎಂಎಲ್ ಕಡತದಲ್ಲಿ ಉಳಿಯುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. ನ್ಯಾಯಾಲಯಕ್ಕೆ ಅದರ ಮುದ್ರಿತ ಪ್ರತಿ ಕೊಡುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವೂ ಬೇಕಾಗುತ್ತದೆ. ವಿವರಕ್ಕೆ ವಕೀಲರನ್ನು ಕೇಳಿ.

5. ಹಲವು ಖಾತೆ ಒಂದೇ ಕಡೆ, ಆದರೆ ಬೆರೆಯದಂತೆ

ಒಬ್ಬರೇ ಸದಸ್ಯರಿಗೆ ಸ್ವಂತದ್ದೊಂದು, ಕೆಲಸದ್ದೊಂದು, ಸಂಘದ್ದೊಂದು ಖಾತೆ ಇರುವುದು ಸಾಮಾನ್ಯ. ತಂತ್ರಾಂಶದಲ್ಲಿ ಮೂರನ್ನೂ ಸೇರಿಸಬಹುದು. ಪ್ರತಿ ಖಾತೆಗೂ ಬೇರೆ ಸಹಿ ಹಾಕಿಡಿ. ಕಳಿಸುವ ಮುನ್ನ ಮೇಲಿನ ‘ಇಂದ’ ಸಾಲು ನೋಡಿದರೆ ಸಂಘದ ಮನವಿ ಸ್ವಂತ ಖಾತೆಯಿಂದ ಹೋಗುವುದು ತಪ್ಪುತ್ತದೆ. ಸಂಘದ ಖಾತೆ ಯಾರೊಬ್ಬರ ಹೆಸರಿನಲ್ಲೂ ಇರದೆ ಸಂಘದ ಹೆಸರಿನಲ್ಲೇ ಇರಲಿ. ಕಾರ್ಯದರ್ಶಿ ಬದಲಾದ ದಿನವೇ ಪಾಸ್‌ವರ್ಡ್, ಮರುಪಡೆಯುವ ಮೊಬೈಲ್ ಸಂಖ್ಯೆ ಬದಲಿಸಿ, ಲೆಕ್ಕಪುಸ್ತಕದ ಜತೆ ಬ್ಯಾಕಪ್ ಡಿಸ್ಕನ್ನೂ ಹಸ್ತಾಂತರಿಸಿ.

6. ಲಗತ್ತುಗಳ ಲೆಕ್ಕ

ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಇಮೇಲಿನಲ್ಲಿ ಹೋಗುವಾಗ ಲಗತ್ತು ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಹಾಗಾಗಿ 18 ಎಂಬಿ ದಾಟಿದ ಕಡತಕ್ಕೇ ತೊಂದರೆ ಶುರು. ಮನವಿಯ ಸ್ಕ್ಯಾನ್ ಪ್ರತಿಯನ್ನು ಕಪ್ಪು ಬಿಳುಪಿನಲ್ಲಿ ಮಾಡಿದರೆ ಗಾತ್ರ ಬಹಳ ಇಳಿಯುತ್ತದೆ. ಡ್ರೈವ್ ಕೊಂಡಿ ಕಳಿಸಿದರೆ, ಖಾತೆ ಮುಚ್ಚಿದ ದಿನ ಆ ಕೊಂಡಿಯೂ ಸಾಯುತ್ತದೆ ಎಂಬುದು ನೆನಪಿರಲಿ. ಮುಖ್ಯ ದಾಖಲೆಯನ್ನು ಲಗತ್ತಾಗಿಯೇ ಕಳಿಸುವುದು ಮೇಲು.

7. ಮೋಸದಿಂದ ರಕ್ಷಣೆ

ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ ಎಂಬ ಪತ್ರಗಳು ಬರುತ್ತವೆ. ತಂತ್ರಾಂಶ ಕಳುಹಿಸಿದವರ ಹೆಸರಿನ ಜತೆ ಪೂರ್ತಿ ವಿಳಾಸವನ್ನೂ ತೋರಿಸುವಂತಿರಬೇಕು, ಹೊರಗಿನ ಚಿತ್ರಗಳನ್ನು ತಾನಾಗಿ ತೆರೆಯಬಾರದು. ಥಂಡರ್‌ಬರ್ಡ್ ಇಂಥ ಚಿತ್ರಗಳನ್ನು ಮೊದಲೇ ತಡೆಯುತ್ತದೆ. ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾವುದನ್ನು ಆರಿಸಿಕೊಳ್ಳಬೇಕು?

ಥಂಡರ್‌ಬರ್ಡ್‌ನ ಮೊದಲ ಪೂರ್ಣ ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಅದು ಉಚಿತ ಮತ್ತು ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೇಲೆ ಹೇಳಿದ ಹೆಚ್ಚಿನ ಅಗತ್ಯಗಳಿಗೆ ಇದು ಸಾಕು. ಆಫೀಸ್ ಜತೆ ಬರುವ ಹಳೆಯ ಮಾದರಿಯ ಔಟ್‌ಲುಕ್‌ಗೆ ಹಣ ಕೊಡಬೇಕು. ಕ್ಯಾಲೆಂಡರ್, ಸಭೆಯ ಆಹ್ವಾನ ಹೆಚ್ಚಾಗಿ ಬಳಸುವ ಕಾರ್ಖಾನೆ ಕಚೇರಿಗಳಿಗೆ ಅದು ಒಗ್ಗುತ್ತದೆ. ವಿಂಡೋಸ್ ಜತೆ ಉಚಿತವಾಗಿ ಬರುವ ಹೊಸ ಔಟ್‌ಲುಕ್ ಬೇರೆ ಕಂಪನಿಯ ಖಾತೆಯ ಪತ್ರಗಳನ್ನೂ ಮೈಕ್ರೋಸಾಫ್ಟ್ ಸರ್ವರ್‌ಗೆ ಒಯ್ದು ಇಡಬಲ್ಲದು. ಒಪ್ಪಿಗೆ ಕೊಡುವ ಮುನ್ನ ಓದಿ.

ತಮಿಳುನಾಡು ಸರ್ಕಾರ 2011ರಲ್ಲಿ ಶುರುಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಹಳೆಯ ಯಂತ್ರ ಮನೆಯಲ್ಲಿದ್ದರೆ, ಹಗುರವಾದ ಲಿನಕ್ಸ್ ಹಾಕಿ ಥಂಡರ್‌ಬರ್ಡ್ ನಡೆಸಿ ನೋಡಬಹುದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಹಳೆಯ ಯಂತ್ರಗಳವರು ಹೇಗೂ ಈ ಬಗ್ಗೆ ಯೋಚಿಸಬೇಕಾಗಿದೆ.

ಮೊದಲು ಮಾಡಬೇಕಾದ ಐದು ಕೆಲಸ

• ಸಂಘದ ಹಳೆಯ ಖಾತೆಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಒಮ್ಮೆ ತೆರೆಯಿರಿ.
• ಒಂದು ಗಣಕದಲ್ಲಿ ತಂತ್ರಾಂಶ ಹಾಕಿ, ಖಾತೆಯನ್ನು ಐಮ್ಯಾಪ್ ಪದ್ಧತಿಯಲ್ಲಿ ಸೇರಿಸಿ.
• ಶಾಲೆ, ಸರ್ಕಾರಿ ಕಚೇರಿ, ಸದಸ್ಯತ್ವ, ಲೆಕ್ಕಪತ್ರ ಎಂದು ನಾಲ್ಕು ಸ್ಥಳೀಯ ಫೋಲ್ಡರ್ ಮಾಡಿ, ಮುಖ್ಯ ಪತ್ರಗಳನ್ನು ನಕಲು ಮಾಡಿ.
• ಆಸ್ಕಿ ಫಾಂಟಿನ ಲಗತ್ತುಗಳನ್ನು ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಉಳಿಸಿ.
• ವರ್ಷಕ್ಕೆರಡು ಬಾರಿ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಬೇರೊಂದು ಗಣಕದಲ್ಲಿ ಅದು ತೆರೆಯುತ್ತದೆಯೇ ಎಂದು ನೋಡಿ.

ಇಮೇಲ್ ಬಳಸಲು ಹಿಂಜರಿಯುವ ಹಿರಿಯರ ಬಳಿ ಕಾಗದದ ಮನವಿಗಳು, ಉತ್ತರಗಳು ಇದ್ದರೆ ಮನೆಯ ಮಕ್ಕಳು ಅವನ್ನು ಸ್ಕ್ಯಾನ್ ಮಾಡಿ ಇದೇ ಫೋಲ್ಡರ್‌ಗಳ ಪಕ್ಕದಲ್ಲಿ ಇಡಲಿ. ದಿನಾಂಕ ಕಾಣುವಂತೆ ಸ್ಕ್ಯಾನ್ ಮಾಡುವುದನ್ನು ಮರೆಯಬೇಡಿ.