ಉನ್ನತ ಶಿಕ್ಷಣ ಸಂಸ್ಥೆಗಳ ಆಂತರಿಕ ದೂರು ಸಮಿತಿ: ನಿಯಮಗಳ ಬದಲಾವಣೆ ಹಾಗೂ ಸಿಬ್ಬಂದಿಯ ನಿಲುವು

ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಲೈಂಗಿಕ ಕಿರುಕುಳ ಮತ್ತು ದೌರ್ಜನ್ಯದ ದೂರುಗಳನ್ನು ಸಂಸ್ಥೆಯೊಳಗೇ ವಿಚಾರಿಸುವ ಕ್ರಮವು ಸರ್ವೋಚ್ಚ ನ್ಯಾಯಾಲಯದ 1997ರ ವಿಶಾಖಾ ತೀರ್ಪಿನಿಂದ ಬಂದುದಾಗಿದೆ. ಅದರನ್ವಯ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯವು 1999ರಲ್ಲಿ ‘ಜಿಎಸ್‌ಕ್ಯಾಶ್’ ಎಂಬ ಸಮಿತಿಯನ್ನು ರಚಿಸಿತು. ಅಧ್ಯಾಪಕರು, ಬೋಧಕೇತರ ನೌಕರರು ಮತ್ತು ವಿದ್ಯಾರ್ಥಿಗಳ ಚುನಾಯಿತ ಪ್ರತಿನಿಧಿಗಳು ಅದರಲ್ಲಿದ್ದರು.

2013ರ ಅಧಿನಿಯಮದ ತರುವಾಯ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2015ರ ವಿನಿಯಮಗಳನ್ನು ರೂಪಿಸಿ, 2016ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇವುಗಳ ಆಧಾರದ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಸದರಿ ವಿಶ್ವವಿದ್ಯಾಲಯವು ಹಳೆಯ ಸಮಿತಿಯ ಸ್ಥಾನದಲ್ಲಿ ಆಂತರಿಕ ದೂರು ಸಮಿತಿಯನ್ನು ನೇಮಿಸಿದಾಗ ಅಧ್ಯಾಪಕರ ಸಂಘವು ವಿರೋಧಿಸಿತು. ಆಡಳಿತವೇ ನಾಮಕರಣ ಮಾಡಿದ ಸಮಿತಿಗೆ ಸ್ವಾಯತ್ತತೆ ಇರಲಾರದೆಂಬುದು ಸಂಘದ ಆಕ್ಷೇಪ. ವಿನಿಯಮ ಪಾಲನೆ ಕಡ್ಡಾಯವೆಂಬುದು ಆಡಳಿತದ ಸಮರ್ಥನೆ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮುಂಬಡ್ತಿಗಾಗಿ ಮೇಲಧಿಕಾರಿಯನ್ನೇ ಅವಲಂಬಿಸಿದ ನೌಕರರು ಅವರ ವಿರುದ್ಧದ ದೂರನ್ನು ನಿರ್ಭೀತಿಯಿಂದ ವಿಚಾರಿಸುವುದು ಸುಲಭವಲ್ಲ. ವಿನಿಯಮಗಳು ಕುಲಪತಿ, ಕುಲಸಚಿವ, ಡೀನ್ ಹಾಗೂ ವಿಭಾಗ ಮುಖ್ಯಸ್ಥರನ್ನು ಸಮಿತಿಯಿಂದ ಹೊರಗಿಟ್ಟಿರುವುದು ಈ ಕಾರಣದಿಂದಲೇ ಎನ್ನಬಹುದು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಚುನಾಯಿತರಾದ ಮೂವರು ವಿದ್ಯಾರ್ಥಿ ಸದಸ್ಯರು ಇರತಕ್ಕದ್ದು. ಅಧ್ಯಾಪಕ ಹಾಗೂ ಬೋಧಕೇತರ ಸದಸ್ಯರಿಗೆ ಮಾತ್ರ ಚುನಾವಣೆಯಿಲ್ಲ.

ಆರೋಪಕ್ಕೊಳಗಾದ ಸಿಬ್ಬಂದಿಯ ಅಳುಕು ಬೇರೆ ಬಗೆಯದು. ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ವಿರುದ್ಧ 2009ರಲ್ಲಿ ನಡೆದ ವಿಚಾರಣೆಯು ಅತಿ ಆತುರದ್ದೆಂದು, ಪ್ರತಿವಾದಕ್ಕೆ ಸಾಕಷ್ಟು ಅವಕಾಶ ನೀಡಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ 12ರಂದು ತೀರ್ಪಿತ್ತು, ಪ್ರಕರಣವನ್ನು ಸಮಿತಿಗೇ ಹಿಂದಿರುಗಿಸಿತು. ದೂರುದಾರರು ಹದಿನಾಲ್ಕು ವರ್ಷಗಳ ನಂತರವೂ ಅಂತಿಮ ನಿರ್ಣಯ ಕಾಣಲಿಲ್ಲ. ಸಮಿತಿಯ ಸದಸ್ಯರಿಗೆ ವಿಚಾರಣಾ ಪದ್ಧತಿಯ ತರಬೇತಿ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ದೂರನ್ನು ಘಟನೆಯ ದಿನಾಂಕದಿಂದ ಮೂರು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಸಕಾರಣವಿದ್ದಲ್ಲಿ ಸಮಿತಿಯು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲಾಗದವರಿಗೆ ಸಮಿತಿಯ ಸದಸ್ಯರೇ ನೆರವಾಗಬೇಕು. ದೂರಿನ ಪ್ರತಿಯನ್ನು 7 ದಿನಗಳೊಳಗೆ ಎದುರುದಾರರಿಗೆ ನೀಡಲಾಗುವುದು. ಅವರ ಉತ್ತರಕ್ಕೆ 10 ದಿನ, ವಿಚಾರಣೆಗೆ 90 ದಿನಗಳ ಮಿತಿಯಿದೆ. ಅಪರಾಧವೆನಿಸುವ ಕೃತ್ಯಗಳ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಲು ಸಮಿತಿಯ ಅನುಮತಿ ಅಗತ್ಯವಿಲ್ಲ.