ಬಿಳಿ ಬಣ್ಣಕ್ಕೆ ತೆತ್ತ ಬೆಲೆ

ಗೋಡೆಗೆ ಬಳಿಯುವ ಬಣ್ಣವೊಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಸ್ತುವಾದದ್ದು 1921ರಲ್ಲಿ. ಆ ವರ್ಷ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿ ಬಣ್ಣ ಬಳಿಯಕೂಡದೆಂದು ತೀರ್ಮಾನಿಸಿತು. ಆ ವೇಳೆಗೆ ಈ ಬಣ್ಣದ ಕೇಡು ವೈದ್ಯರಿಗೆ ತಿಳಿದು ಇನ್ನೂರು ವರ್ಷ ಕಳೆದಿತ್ತು.

ಬಣ್ಣ ತಯಾರಿಸುವ ಡಚ್ಚರ ವಿಧಾನ ವಿಚಿತ್ರವಾದುದು. ವಿನೆಗರ್ ಹಾಕಿದ ಮಡಕೆಗಳಲ್ಲಿ ಸೀಸದ ತಗಡುಗಳನ್ನಿಟ್ಟು, ಸುತ್ತ ಕುದುರೆ ಲದ್ದಿ ತುಂಬಿ, ಕೋಣೆಯನ್ನು ಮುಚ್ಚಿಬಿಡುತ್ತಿದ್ದರು. ಲದ್ದಿಯ ಕಾವಿಗೆ ಹುಳಿಯ ಆವಿ ಎದ್ದು, ಕೆಲವು ತಿಂಗಳಲ್ಲಿ ಸೀಸದ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ಅದನ್ನು ಕೆರೆದು, ಅರೆದು, ಅಗಸೆ ಎಣ್ಣೆಯಲ್ಲಿ ಕಲಸಿದರೆ ಬಣ್ಣ ಸಿದ್ಧ. ಒಂದೆರಡು ಕೈ ಬಳಿದರೆ ಸಾಕು, ಹಳೆಯ ಬಣ್ಣ ಪೂರ್ತಿ ಮುಚ್ಚಿಹೋಗುತ್ತಿತ್ತು. ಕಸುಬಿನವರಿಗೆ ಇದರ ಮೇಲೆ ಮೋಹವಿದ್ದುದು ಸಹಜವೇ.

ಆದರೆ ಅರೆಯುವಾಗ, ಉಜ್ಜುವಾಗ ಏಳುವ ಪುಡಿ ಉಸಿರಿನೊಡನೆ ಒಳಹೋಗುತ್ತಿತ್ತು. ಕೈ ತೊಳೆಯದೆ ಉಂಡರೆ ಅನ್ನದೊಡನೆಯೂ ಹೋಗುತ್ತಿತ್ತು. ಮೊದಲು ಹೊಟ್ಟೆ ಹಿಂಡುವ ನೋವು. ಇದಕ್ಕೆ ಬಣ್ಣಗಾರರ ಶೂಲೆ ಎಂದೇ ಹೆಸರು. ಬಳಿಕ ವಸಡಿನ ಅಂಚಿನಲ್ಲಿ ನೀಲಿ ಗೆರೆ. ಇದನ್ನು ಲಂಡನ್ನಿನ ವೈದ್ಯ ಹೆನ್ರಿ ಬರ್ಟನ್ 1840ರಲ್ಲಿ ಗುರುತಿಸಿದರು. ಕೊನೆಗೆ ನರಗಳು ಸೋತು ಮಣಿಕಟ್ಟು ಜೋತುಬೀಳುತ್ತಿತ್ತು. ಕುಂಚ ಹಿಡಿದು ಬದುಕಿದವನಿಗೆ ಕುಂಚ ಎತ್ತಲೂ ಆಗದ ಸ್ಥಿತಿ!

ಇಟಲಿಯ ವೈದ್ಯ ರಾಮಾಜ್ಜಿನಿ 1700ರಷ್ಟು ಹಿಂದೆಯೇ ಕಸುಬುದಾರರ ಕಾಯಿಲೆಗಳ ಬಗ್ಗೆ ಗ್ರಂಥ ಬರೆದು, ಬಣ್ಣಗಾರರ ಪಾಡನ್ನೂ ವಿವರಿಸಿದ್ದರು. ರೋಗಿಯ ಕಸುಬು ಯಾವುದೆಂದು ವೈದ್ಯ ಕೇಳಲೇಬೇಕು ಎಂದವರು ಅವರು. 1860ರ ದಶಕದಲ್ಲಿ ಲಂಡನ್ನಿನ ಪೂರ್ವಭಾಗದ ಬಡಮನೆಗಳನ್ನು ಹೊಕ್ಕ ಕಾದಂಬರಿಕಾರ ಡಿಕನ್ಸ್, ಸೀಸದ ಕಾರ್ಖಾನೆಗೆ ಹೋಗಿ ಹಾಸಿಗೆ ಹಿಡಿದ ಹೆಂಗಸರ ಕಥೆ ಬರೆದರು. ಬೇರೆ ಕೂಲಿ ಸಿಗದವರಿಗೆ ಅದೇ ಗತಿಯಾಗಿತ್ತು.

ಬದಲಿ ಬಣ್ಣ ಇರಲಿಲ್ಲವೇ? ಇತ್ತು. ಪ್ಯಾರಿಸ್ಸಿನ ಬಣ್ಣದ ಗುತ್ತಿಗೆದಾರ ಲೆಕ್ಲೇರ್ 1840ರ ದಶಕದಲ್ಲೇ ತಮ್ಮ ಕೆಲಸಗಾರರ ಕೈಗೆ ಸತುವಿನ ಬಿಳಿ ಬಣ್ಣ ಕೊಟ್ಟರು. ಅದು ಸೀಸದಷ್ಟು ಚೆನ್ನಾಗಿ ಮುಚ್ಚುವುದಿಲ್ಲ, ನಿಧಾನವಾಗಿ ಒಣಗುತ್ತದೆ ಎಂಬ ದೂರಿತ್ತು. ಇಷ್ಟೇ ಕಾರಣವೆಂದರೆ ನಂಬುವುದು ಕಷ್ಟ. ಸೀಸದ ವ್ಯಾಪಾರವೂ ದೊಡ್ಡದಿತ್ತು. ಕೆಲಸಗಾರರ ಸಂಘಗಳು ಪಟ್ಟುಹಿಡಿದ ಮೇಲೆ ಫ್ರಾನ್ಸ್ 1909ರಲ್ಲಿ ನಿಷೇಧದ ಕಾನೂನು ಮಾಡಿತು. ಅದು ಜಾರಿಗೆ ಬರಬೇಕಾದದ್ದು 1915ರಲ್ಲಿ.

ಜಿನೀವಾ ಒಪ್ಪಂದವೂ ರಾಜಿಯೇ. ಹೊರಗೋಡೆಗಳು ನಿಷೇಧಕ್ಕೆ ಒಳಪಡಲಿಲ್ಲ. ರೈಲು ನಿಲ್ದಾಣ, ಕಾರ್ಖಾನೆಗಳಿಗೆ ಅಗತ್ಯವೆನಿಸಿದರೆ ವಿನಾಯಿತಿ ಕೊಡಬಹುದಿತ್ತು. ಆದರೂ ಕೈ ತೊಳೆಯಲು ವ್ಯವಸ್ಥೆ, ಕೆಲಸಕ್ಕೆಂದೇ ಬೇರೆ ಉಡುಪು, ಒಣ ಬಣ್ಣ ಉಜ್ಜುವಾಗ ಧೂಳು ತಡೆಯುವ ಕ್ರಮ ಇವೆಲ್ಲ ಅದರಲ್ಲಿದ್ದವು.

ಭಾರತದಲ್ಲಿ ಮನೆಬಳಕೆಯ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಕೂಡದೆಂಬ ನಿಯಮ 2016ರಲ್ಲಿ ಹೊರಬಿದ್ದು, ಮರುವರ್ಷ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದು ಹೊಸ ಡಬ್ಬಿಗಳ ಮಾತು. ಹಳೆಯ ಕಿಟಕಿ, ಬಾಗಿಲುಗಳ ಮೇಲೆ ಅದಕ್ಕೂ ಮೊದಲಿನ ಬಣ್ಣ ಪದರ ಪದರವಾಗಿ ಕುಳಿತಿರಬಹುದು. ಹೊಸ ಬಣ್ಣಕ್ಕೆ ಮೊದಲು ಅದನ್ನು ಒಣಗಿದಂತೆಯೇ ಸ್ಯಾಂಡ್‌ಪೇಪರಿನಿಂದ ತಿಕ್ಕುವವನ ಮೂಗಿಗೆ ಹೆಚ್ಚೆಂದರೆ ಒಂದು ಕರವಸ್ತ್ರ ಕಟ್ಟಿರುತ್ತದೆ.