ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ?

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬುದು ನಮ್ಮಲ್ಲಿ ಬಹುಕಾಲದ ಗಾದೆ. ಗಾದೆಗೂ ವೇದಕ್ಕೂ ಭೇದವೆಣಿಸದ ಜನ ಇದನ್ನೂ ನಂಬಿಕೊಂಡು ಬಂದರು. ಆಸ್ತಿಯ ಮಟ್ಟಿಗೆ ಈ ಗಾದೆ ಇಂದು ಸುಳ್ಳು. ಅದು ಸುಳ್ಳಾದ ಬಗೆಯನ್ನು ತಿಳಿಯಬೇಕಾದರೆ ನಮ್ಮ ನಾಡಿನಿಂದಲೇ ಹೊರಡಬೇಕು.

ಇಂದಿನ ಬಸವಕಲ್ಯಾಣ ಹಿಂದೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರನೆಂಬ ಪಂಡಿತ ಅಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದ. ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗಕ್ಕೆ ಅದೇ ಪ್ರಮಾಣಗ್ರಂಥವಾಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ಮುಖ್ಯ ಸಿದ್ಧಾಂತ. ಮಗಳಿಗೆ ಆ ಹಕ್ಕಿಲ್ಲ. ಆದರೆ ಸ್ತ್ರೀಧನದ ವಿಷಯದಲ್ಲಿ ಆತ ಉದಾರಿ. ಹೆಣ್ಣು ಯಾವ ರೀತಿಯಿಂದ ಪಡೆದ ಸ್ವತ್ತೂ ಅವಳದೇ ಎಂದ. ಬ್ರಿಟಿಷರ ಕಾಲದ ನ್ಯಾಯಸ್ಥಾನಗಳು ಈ ಔದಾರ್ಯವನ್ನು ಕುಗ್ಗಿಸಿದುವು. ಹೆಂಗಸಿಗೆ ಉತ್ತರಾಧಿಕಾರದಿಂದ ಬಂದ ಆಸ್ತಿಯನ್ನು ಅವಳ ಜೀವಮಾನದ ಅನುಭೋಗಕ್ಕೆ ಸೀಮಿತಗೊಳಿಸಿದುವು.

ಈ ಕಟ್ಟನ್ನು ಮೊದಲು ಸಡಿಲಿಸಿದವುಗಳಲ್ಲಿ ಮೈಸೂರು ಸಂಸ್ಥಾನವೊಂದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತು. ತಂದೆ ಮಕ್ಕಳು ಭಾಗವಾಗುವಾಗ ಅವಿವಾಹಿತ ಮಗಳಿಗೆ ಸೋದರನ ಪಾಲಿನ ಕಾಲು ಭಾಗವನ್ನು ಅದು ಕೊಟ್ಟಿತು. ಅಲ್ಪವೆಂದು ಇಂದು ತೋರಬಹುದು. ಆದರೂ ‘ಹೆಣ್ಣಿಗೇನು ಪಾಲು?’ ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಂತಾಯಿತು. ಮುಂಬಯಿ, ಮದರಾಸು, ಹೈದರಾಬಾದುಗಳ ಆಡಳಿತದಲ್ಲಿದ್ದ ಕನ್ನಡಿಗರಿಗೆ ಈ ಕಾಯಿದೆ ಅನ್ವಯಿಸಲಿಲ್ಲ. ಭಾಷೆ ಒಂದೇ ಆದರೂ ಮಗಳ ಪಾಲು ಊರಿಗೊಂದು ಬಗೆ.

ಇಡೀ ದೇಶಕ್ಕೆ ಒಂದೇ ಹಿಂದೂ ಸಂಹಿತೆ ಬೇಕೆಂಬ ಪ್ರಯತ್ನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರ ಸಮಿತಿ ಬಹಳ ದುಡಿಯಿತು. ಸ್ವಾತಂತ್ರ್ಯಾನಂತರ ಡಾ. ಅಂಬೇಡ್ಕರರು ಮಸೂದೆಯ ಹೊಣೆ ಹೊತ್ತರು. ವಿರೋಧ ಪ್ರಬಲವಾಗಿತ್ತು, ಮಸೂದೆ ಮುಂದೆ ಸಾಗದಿರಲು 1951ರಲ್ಲಿ ಅವರು ಮಂತ್ರಿಪದವಿಯನ್ನೇ ತೊರೆದರು. ಕೊನೆಗೆ 1956ರ ಜೂನಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಹೆಂಗಸಿನ ಆಸ್ತಿ ಪೂರ್ಣವಾಗಿ ಅವಳದಾಯಿತು. ಆದರೆ ಒಟ್ಟುಕುಟುಂಬದಲ್ಲಿ ಮಗನ ಜನ್ಮಸಿದ್ಧ ಹಕ್ಕು ಹಾಗೆಯೇ ಉಳಿಯಿತು.

ಲೆಕ್ಕದಿಂದ ಇದು ಸ್ಪಷ್ಟವಾದೀತು. ತಾಯಿಯಿಲ್ಲದ ಮನೆ, ತಂದೆ, ಒಬ್ಬ ಮಗ, ಒಬ್ಬಳು ಮಗಳು, ಪಿತ್ರಾರ್ಜಿತ ನಾಲ್ಕು ಎಕರೆ. ತಂದೆ ಉಯಿಲು ಬರೆಯದೆ ತೀರಿಕೊಂಡ. 1956ರ ಕಾಯಿದೆಯಂತೆ ಎರಡು ಎಕರೆ ಹುಟ್ಟಿನಿಂದಲೇ ಮಗನದು. ತಂದೆಯ ಪಾಲಿನ ಎರಡು ಎಕರೆ ಮಾತ್ರ ಇಬ್ಬರಿಗೂ ಸಮ. ಮಗನಿಗೆ ಮೂರು, ಮಗಳಿಗೆ ಒಂದು.

1994ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಮಗಳಿಗೂ ಹುಟ್ಟಿನ ಹಕ್ಕನ್ನು ಕೊಟ್ಟಿತು. ಆದರೆ ಅಷ್ಟರಲ್ಲಾಗಲೇ ಮದುವೆಯಾಗಿದ್ದವಳಿಗೆ ಇಲ್ಲವೆಂದಿತು. ಹಳೆಯ ಗಾದೆ ಕಾಯಿದೆಯೊಳಗೂ ನುಸುಳಿತ್ತು! ಅದನ್ನು ಹೊರಹಾಕಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ. ಅಂದಿನಿಂದ ಮದುವೆಯಾಗಲಿ, ಆಗದಿರಲಿ, ಮಗಳು ಮಗನಿಗೆ ಸಮಾನಳು. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ನಮ್ಮ ನಾಲ್ಕು ಎಕರೆಯಲ್ಲಿ ಈಗ ಇಬ್ಬರಿಗೂ ಎರಡೆರಡು.

ಕೆಲವು ಮಿತಿಗಳನ್ನೂ ಅರಿತಿರಬೇಕು. 2004ರ ಡಿಸೆಂಬರ್ 20ಕ್ಕೆ ಮುಂಚೆ ನ್ಯಾಯವಾಗಿ ಆದ ವಿಭಾಗ, ಕ್ರಯಗಳನ್ನು ಈ ತಿದ್ದುಪಡಿ ಕದಲಿಸದು. ‘ಬಾಯಿಮಾತಿನಲ್ಲಿ ಆಗಲೇ ಭಾಗವಾಗಿದೆ’ ಎಂಬ ವಾದವನ್ನು ಬಲವಾದ ದಾಖಲೆಯಿಲ್ಲದೆ ನ್ಯಾಯಾಲಯ ಒಪ್ಪದು. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು.

ಇಷ್ಟೆಲ್ಲ ಆದ ಮೇಲೂ ಮಗಳ ಪಾಲು ಕೈಬಿಡುವ ದಾರಿ ಒಂದಿದೆ. ಅದು ಹಕ್ಕು ಖುಲಾಸೆ ಪತ್ರ. ಒಂಬತ್ತು ಶತಮಾನಗಳಲ್ಲಿ ಬಂದದ್ದು ಅಲ್ಲಿ ಒಂದು ರುಜುವಿನಿಂದ ಹೋಗುತ್ತದೆ. ನೋಂದಣಿಯಾದ ಪತ್ರವನ್ನು, ಮೋಸವನ್ನೋ ಒತ್ತಾಯವನ್ನೋ ಸಾಬೀತುಪಡಿಸದೆ ರದ್ದುಮಾಡಿಸುವುದು ಸುಲಭವಲ್ಲ.

ಇದನ್ನು ಇತರರಿಗೆ ಉಪದೇಶವಾಗಿ ಹೇಳುತ್ತಿಲ್ಲ. ನಮ್ಮ ತಂದೆ ತೀರಿಕೊಂಡ ಮರುವರ್ಷ ನನ್ನ ತಂಗಿಯನ್ನು ಸಬ್ ರಿಜಿಸ್ಟ್ರಾರರ ಕಛೇರಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಪತ್ರ ಬರೆಯುವವರು ಕಾಗದವನ್ನು ಅವಳತ್ತ ಸರಿಸಿದರು. ಅವಳು ಓದು ಬಲ್ಲವಳೇ. ಆದರೂ ಕಾಗದವನ್ನು ನೋಡದೆ, “ಎಲ್ಲಿ ಹಾಕಬೇಕೋ ತೋರಿಸಣ್ಣ, ಬಸ್ಸಿಗೆ ಹೊತ್ತಾಗುತ್ತೆ” ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಮಧ್ಯಾಹ್ನ ಊಟ ಹಾಕಿಸಿ, ಸೀರೆ ಕೊಟ್ಟು ಬಸ್ಸು ಹತ್ತಿಸಿದೆ. ತರಗತಿಯಲ್ಲಿ ಒಂದೊಂದು ಪದದ ಅರ್ಥವನ್ನು ಬಿಡಿಸಿ ಹೇಳುವ ನಾನು, ಆ ಒಂದು ಪುಟವನ್ನು ಒಡಹುಟ್ಟಿದವಳಿಗೆ ಓದಿ ಹೇಳಲಿಲ್ಲ. ಪಾಲು ಕೇಳಿದರೆ ತವರು ತಪ್ಪೀತೆಂಬ ಅಂಜಿಕೆ ಅವಳಿಗಿದ್ದಿತೋ ಏನೋ. ಇದ್ದರೆ, ಅದನ್ನು ಹೋಗಲಾಡಿಸಬೇಕಾಗಿದ್ದವನು ನಾನೇ.

ಆ ಪತ್ರದ ನಕಲು ನನ್ನ ಪೆಟ್ಟಿಗೆಯಲ್ಲಿದೆ. ಗೌರಿ ಹಬ್ಬಕ್ಕೆ ಅವಳು ಬಂದಾಗ, ಬಾಗಿನ ಕೊಡುವುದಕ್ಕೆ ಮೊದಲು, ಅದನ್ನು ಅವಳ ಮುಂದೆ ಓದಬೇಕೆಂದಿದ್ದೇನೆ. ಕೇಳಿ ಅವಳು ಏನೆನ್ನುತ್ತಾಳೋ, ಹಾಗೆ ನಡೆಯುವುದು ನನ್ನ ಪಾಲಿನ ಕೆಲಸ.